ಪಿಟಿ ಪೀರಿಯಡ್ ತಪ್ಪಿಸಿದರೆ ನೆಗಡಿ ತಪ್ಪುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗ ಐದನೇ ಕ್ಲಾಸು. ಎರಡು ತಿಂಗಳಿಗೊಮ್ಮೆ ನೆಗಡಿ ಆಗುತ್ತದೆ. ಬೆವರಿ ಬರುವುದೇ ಕಾರಣ ಎಂದುಕೊಂಡು, ಪಿಟಿ ಪೀರಿಯಡ್‌ಗೆ ಕಳಿಸಬೇಡಿ ಅಂತ ಜೂನ್‌ನಿಂದ ಚೀಟಿ ಬರೆದುಕೊಡುತ್ತಿದ್ದೇನೆ. ಅವನಿಗೂ ಅದೇ ಬೇಕು. ಟೀಮು ಆರಿಸುವಾಗ ತನ್ನನ್ನು ಕೊನೆಗೆ ಕರೆಯುತ್ತಾರೆ, ನಗುತ್ತಾರೆ ಅನ್ನುತ್ತಾನೆ. ಆದರೆ ನೆಗಡಿ ಕಡಿಮೆಯಾಗಿಲ್ಲ. ಜಾಸ್ತಿ ಓಡಿದರೆ ಸ್ಟ್ರೆಸ್ ಹಾರ್ಮೋನ್ ಏರಿ ರೋಗನಿರೋಧಕ ಶಕ್ತಿ ಕುಗ್ಗುತ್ತದೆ ಅಂತ ಎಲ್ಲೋ ಓದಿದೆ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಚೀಟಿ ಬರೆಯುವುದನ್ನು ಈ ವಾರವೇ ನಿಲ್ಲಿಸಿಬಿಡಿ ಅಮ್ಮಾ. ನೆಗಡಿ ಬರುವುದು ವೈರಸ್‌ನಿಂದ, ಬೆವರಿನಿಂದಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಪಕ್ಕದ ಹುಡುಗ ಸೀನಿದರೆ ಅದು ಅಂಟುವುದು ಸುಲಭ. ಬಯಲಿನಲ್ಲಿ ಅಷ್ಟಿಲ್ಲ. ಮಕ್ಕಳಿಗೆ ವರ್ಷಕ್ಕೆ 6 ಸಲ ನೆಗಡಿಯಾಗುವುದು ಅಪರೂಪವೇನೂ ಅಲ್ಲ.

ನೀವು ಓದಿದ ಹಾರ್ಮೋನ್ ಕಾರ್ಟಿಸಾಲ್ ಇರಬೇಕು. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅದನ್ನು ಸುರಿಸುತ್ತವೆ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಅದು ಅತಿ ಜಾಸ್ತಿ, ನಡುರಾತ್ರಿಯ ಹೊತ್ತಿಗೆ ಅತಿ ಕಡಿಮೆ. ಜೋರಾಗಿ ಓಡಿದಾಗಲೂ ಏರುತ್ತದೆ ನಿಜ. ಆದರೆ ದಣಿವಾರಿದ ಮೇಲೆ ಇಳಿಯುತ್ತದೆ. ಓಡುತ್ತಿರುವಾಗಲೇ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳು ಹೆಚ್ಚು ಸಂಖ್ಯೆಯಲ್ಲಿ ರಕ್ತಕ್ಕಿಳಿದು ಮೈಯೆಲ್ಲ ಸುತ್ತುತ್ತವೆ. ಕಾರ್ಟಿಸಾಲ್ ಏರಿದ್ದು ಇಳಿಯದೆ ವಾರಗಟ್ಟಲೆ ಹಾಗೇ ನಿಂತರೆ ಮಾತ್ರ ರೋಗನಿರೋಧಕ ಶಕ್ತಿಗೆ ಪೆಟ್ಟು.

ಓಡಿದರೆ ಶಕ್ತಿ ಕುಗ್ಗುತ್ತದೆ ಎಂಬ ಮಾತು ಹೆಚ್ಚಾಗಿ ಮ್ಯಾರಥಾನ್ ಓಟಗಾರರಿಂದ ಬಂದದ್ದು. 1987ರ ಲಾಸ್ ಏಂಜಲೀಸ್ ಮ್ಯಾರಥಾನ್ ಓಡಿದವರಲ್ಲಿ ಮುಂದಿನ ವಾರ ನೂರಕ್ಕೆ ಸುಮಾರು 13 ಜನ ನೆಗಡಿ, ಕೆಮ್ಮು ಅಂದರು. ತಯಾರಿ ಮಾಡಿಯೂ ಓಡದವರಲ್ಲಿ ಅಂಥವರು ಸುಮಾರು 2 ಜನ. ಅವರೇ ಹೇಳಿಕೊಂಡ ಲೆಕ್ಕವದು, ಅದರ ಮೇಲೆ ಇಂದಿಗೂ ವಾದ ನಡೆದಿದೆ. ಅದೂ 42 ಕಿಲೋಮೀಟರ್ ಓಟ! ನಿಮ್ಮ ಮಗನದು 40 ನಿಮಿಷದ ಪೀರಿಯಡ್, ಅಲ್ವಾ? 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಳಸಿ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೂ ಹೇಳಿದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಬೇರೆಯೇ ಸಾಲು. 'ಕೊನೆಗೆ ಕರೆಯುತ್ತಾರೆ, ನಗುತ್ತಾರೆ.' ಲ್ಯಾಬಿನಲ್ಲಿ ನಡೆದ 208 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವರದಿ 2004ರಲ್ಲಿ ಬಂತು. ಕಾರ್ಟಿಸಾಲ್ ಎಲ್ಲಕ್ಕಿಂತ ಜಾಸ್ತಿ ಏರಿದ್ದು ಯಾವಾಗ ಗೊತ್ತಾ? ನಾಲ್ಕು ಜನ ತನ್ನನ್ನು ಅಳೆಯುತ್ತಿದ್ದಾರೆ, ತನ್ನ ಕೈಯಲ್ಲಿ ಏನೂ ಇಲ್ಲ ಅನ್ನಿಸಿದಾಗ. ಹೆಸರು ಕರೆಯುವುದನ್ನೇ ಕಾಯುತ್ತ ನಿಂತ ಹುಡುಗನ ಸ್ಥಿತಿಯೂ ಅದೇ ಅಲ್ಲವೇ? ಅವನು ಹೆದರುತ್ತಿರುವುದು ಓಟಕ್ಕಲ್ಲ. ನೀವು ಬರೆದ ಚೀಟಿ ಆ ನಗುವನ್ನು ಹಾಗೇ ಬಿಟ್ಟು, ಆಟವನ್ನಷ್ಟೇ ಕಿತ್ತುಕೊಂಡಿದೆ.

ನಾನು ಓದಿದ್ದು ಅರಸೀಕೆರೆ ಕಡೆಯ ಹಳ್ಳಿ ಶಾಲೆಯಲ್ಲಿ. ನಾನೂ ನಿಧಾನಿ. ನಮ್ಮ ಪಿಟಿ ಮೇಷ್ಟ್ರು ಟೀಮು ಆರಿಸಲು ಯಾರಿಗೂ ಬಿಡುತ್ತಿರಲಿಲ್ಲ. ಸಾಲಾಗಿ ನಿಲ್ಲಿಸಿ ಒಂದು, ಎರಡು, ಒಂದು, ಎರಡು ಅಂತ ಎಣಿಸುವರು. ಒಂದೆಂದವರು ಈ ಕಡೆ, ಎರಡೆಂದವರು ಆ ಕಡೆ, ಅಷ್ಟೇ. ಖೋಖೋದಲ್ಲಿ ಎಂಟು ಜನ ಸಾಲಿನಲ್ಲಿ ಕೂತಿರುತ್ತಾರೆ. ಬೆನ್ನ ಹಿಂದೆ 'ಖೋ' ಅನ್ನುತ್ತಲೇ ಎದ್ದು ಓಡಬೇಕು. ಯಾರು ಮೊದಲು, ಯಾರು ಕೊನೆ ಎಂದು ಯೋಚಿಸಲು ಪುರುಸೊತ್ತೇ ಇರುತ್ತಿರಲಿಲ್ಲ. ಆ ಪೀರಿಯಡ್‌ಗಾಗಿ ನಾನು ಕಾಯುತ್ತಿದ್ದೆ.

ಆದ್ದರಿಂದ ಒಮ್ಮೆ ನೀವೇ ಶಾಲೆಗೆ ಹೋಗಿ ಪಿಟಿ ಮೇಷ್ಟ್ರ ಹತ್ತಿರ ಮಾತಾಡಿ. ಹೀಗೆ ಎಣಿಸಿ ಟೀಮು ಮಾಡಲು ಕೇಳಿ. ಮಗನ ಎದುರಿಗೆ ಮಾತ್ರ ಬೇಡ. ಸಂಜೆ ಓಣಿಯ ಮಕ್ಕಳ ಜೊತೆ ಲಗೋರಿಗೂ ಬಿಡಿ. ಧೂಳಿಗೆ ಹೋದಾಗಲೆಲ್ಲ ಸೀನು, ಕಣ್ಣು ತುರಿಕೆ, ಉಬ್ಬಸ ಇದ್ದರೆ ಅಲರ್ಜಿ ಇರಬಹುದು, ಡಾಕ್ಟರಿಗೆ ತೋರಿಸಿ. ಸುಮ್ನೆ ಮೂಗು ಸೋರುತ್ತಿದ್ದು, ಹುಡುಗ ಚುರುಕಾಗಿದ್ದರೆ ಆಡಲಿ. ಜ್ವರ, ಮೈಕೈ ನೋವು, ಎದೆಯಿಂದ ಬರುವ ಕೆಮ್ಮು ಇದ್ದರೆ ಓಡಿಸಲೇಬಾರದು. ವೈರಸ್ ಕೆಲವೊಮ್ಮೆ ಹೃದಯದ ಸ್ನಾಯುವಿಗೂ ತಾಗುತ್ತದೆ. ಆಗ ಚೀಟಿ ಬರೆಯಿರಿ, ಹುಷಾರಾಗುವ ತನಕ.