ಮನೆಯ ಫೋಟೊ ಸರ್ವರ್ ಮೇಲೆ ಹೋಮ್ ಅಸಿಸ್ಟೆಂಟ್‌ನ ಕಣ್ಣು

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ, ಮನೆಮಂದಿಯ ಫೋಟೊಗಳನ್ನೆಲ್ಲ ಅದರ 2 ಟಿಬಿ ಡಿಸ್ಕಿನಲ್ಲಿ ಇಡುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಡಿಸ್ಕ್ ತುಂಬಿಹೋಗಿ ಎರಡು ವಾರದ ಫೋಟೊಗಳು ನಕಲಾಗದೆ ಉಳಿದದ್ದು ಗಮನಕ್ಕೇ ಬರಲಿಲ್ಲ. ದೀಪ ಮತ್ತು ನೀರಿನ ಪಂಪಿಗಾಗಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ, ಮನೆಯ ಉಪಕರಣಗಳನ್ನು ನಿಯಂತ್ರಿಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶ ಈಗಾಗಲೇ ನಡೆಯುತ್ತಿದೆ. ಅದರಲ್ಲಿ ಯಂತ್ರದ ಸ್ಥಿತಿಯನ್ನು ಅಳೆಯುವ ಸಿಸ್ಟಂ ಮಾನಿಟರ್ ಸೇರಿಸಿದರೆ, ತುಂಬಿದ ಡಿಸ್ಕಿನಲ್ಲಿ 19 ಜಿಬಿ ಖಾಲಿ ಇದೆ ಎನ್ನುತ್ತದೆ. ಡೆಸ್ಕ್‌ಟಾಪಿನಲ್ಲಿ ಯಂತ್ರದ ಮೇಲೆ ಕಣ್ಣಿಡುವ ಗ್ಲಾನ್ಸಸ್ ತಂತ್ರಾಂಶ ಹಾಕಿ, ಹೋಮ್ ಅಸಿಸ್ಟೆಂಟ್‌ನಲ್ಲಿ ವಿಳಾಸ ಕೇಳಿದಲ್ಲಿ ಲೋಕಲ್‌ಹೋಸ್ಟ್ ಎಂದು ಕೊಟ್ಟರೆ ಸಂಪರ್ಕವೇ ಆಗುವುದಿಲ್ಲ. ತಪ್ಪಿದ್ದೆಲ್ಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಎರಡೂ ತೊಂದರೆಗಳ ಮೂಲ ಒಂದೇ. ಸಿಸ್ಟಂ ಮಾನಿಟರ್ ಅಳೆಯುವುದು ಹೋಮ್ ಅಸಿಸ್ಟೆಂಟ್ ಯಾವ ಯಂತ್ರದ ಮೇಲೆ ನಡೆಯುತ್ತಿದೆಯೋ ಆ ಯಂತ್ರವನ್ನು ಮಾತ್ರ. ನಿಮಗೆ ಕಂಡ 19 ಜಿಬಿ, ಪೈ ಒಳಗಿನ ಮೆಮೊರಿ ಕಾರ್ಡಿನದು. ಲೋಕಲ್‌ಹೋಸ್ಟ್ ಎಂಬ ಪದಕ್ಕೂ ‘ನಾನೇ’ ಎಂಬುದಷ್ಟೇ ಅರ್ಥ. ಅದನ್ನು ಪೈಗೆ ಹೇಳಿದಾಗ ಅದು ಗ್ಲಾನ್ಸಸ್ ಅನ್ನು ತನ್ನೊಳಗೇ ಹುಡುಕಿ, ಸಿಗದೆ, ಕೈಚೆಲ್ಲುತ್ತದೆ.

ಪೈಥಾನ್ ಭಾಷೆಯಲ್ಲಿ ಬರೆದ ಗ್ಲಾನ್ಸಸ್ ಉಚಿತವಾಗಿ ಸಿಗುವ, ಮುಕ್ತ ತಂತ್ರಾಂಶ. ಬರಿದೆ ಚಾಲೂ ಮಾಡಿದರೆ ಅದು ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ) ಅಂಕಿಗಳನ್ನು ತೋರಿಸುತ್ತದೆಯೇ ಹೊರತು ಬೇರೆ ಯಂತ್ರಕ್ಕೆ ಉತ್ತರ ಕೊಡುವುದಿಲ್ಲ. ಉತ್ತರ ಕೊಡಬೇಕಾದರೆ ಅದನ್ನು ವೆಬ್ ಸರ್ವರ್ ರೀತಿಯಲ್ಲಿ ಚಾಲೂ ಮಾಡಬೇಕು. ಆಗ ಅದು 61208ನೇ ಪೋರ್ಟ್‌ನಲ್ಲಿ, ಅಂದರೆ ಜಾಲದತ್ತ ತೆರೆಯುವ ಆ ಸಂಖ್ಯೆಯ ಬಾಗಿಲಲ್ಲಿ, ಕಾಯುತ್ತದೆ. ಪೈಥಾನ್ ತಂತ್ರಾಂಶಗಳನ್ನು ಹಾಕಿಕೊಡುವ ಪಿಪ್‌ಎಕ್ಸ್ ಮೂಲಕ ಹಾಕುವವರು ಅದರ ವೆಬ್ ಭಾಗವನ್ನೂ ಜೊತೆಗೆ ಹಾಕಿಸಿಕೊಳ್ಳಬೇಕು. ಟರ್ಮಿನಲ್ ಮುಚ್ಚಿದ ಕೂಡಲೇ ಅದೂ ನಿಂತುಹೋಗುವುದರಿಂದ, ಯಂತ್ರ ಚಾಲೂ ಆದಾಗಲೆಲ್ಲ ತಾನಾಗಿ ಏಳುವಂತೆ ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಂಡಿಯಲ್ಲಿ ಒಂದು ಸೇವೆಯಾಗಿ ನೋಂದಾಯಿಸುವುದು ಒಳ್ಳೆಯದು. ಫೈರ್‌ವಾಲ್ ಇದ್ದರೆ ಈ ಪೋರ್ಟನ್ನು ಮನೆಯ ಜಾಲಕ್ಕೆ ಮಾತ್ರ ತೆರೆಯಿರಿ.

ಹೋಮ್ ಅಸಿಸ್ಟೆಂಟ್ ಕಡೆಯ ಕೆಲಸ ಐದು ನಿಮಿಷದ್ದು. ಸೆಟ್ಟಿಂಗ್ಸ್‌ನಲ್ಲಿ ಗ್ಲಾನ್ಸಸ್ ಇಂಟಿಗ್ರೇಷನ್ (ಜೋಡಣೆ) ಆರಿಸಿ, ಡೆಸ್ಕ್‌ಟಾಪಿನ ಐಪಿ ವಿಳಾಸ, ಉದಾಹರಣೆಗೆ 192.168.1.20, ಮತ್ತು ಪೋರ್ಟ್ ಕೊಟ್ಟರಾಯಿತು. ರೌಟರ್ ಈ ವಿಳಾಸವನ್ನು ಆಗಾಗ ಬದಲಿಸದಂತೆ ಅದರ ಪುಟದಲ್ಲಿ ಡೆಸ್ಕ್‌ಟಾಪಿಗೆಂದೇ ಕಾಯ್ದಿರಿಸಿ.

ಪಾಸ್‌ವರ್ಡ್ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ನೀವಾಗಿ ಇಡದಿದ್ದರೆ ಗ್ಲಾನ್ಸಸ್‌ಗೆ ಪಾಸ್‌ವರ್ಡೇ ಇರುವುದಿಲ್ಲ, ಮತ್ತು ಅದರ ಪುಟದಲ್ಲಿ ಯಂತ್ರದೊಳಗೆ ನಡೆಯುತ್ತಿರುವ ಕೆಲಸಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ. ಹೊರಗಿನಿಂದಲೂ ನೋಡೋಣವೆಂದು ರೌಟರ್‌ನಲ್ಲಿ ಈ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಡುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ.

ಇನ್ನು ಸೂಚನೆಗಳು. ನಿಮಗೆ ಬೇಕಾದದ್ದು ಅಂಕಿಗಳಲ್ಲ, ಸಮಯಕ್ಕೆ ಸರಿಯಾಗಿ ಫೋನಿಗೆ ಬರುವ ಸುದ್ದಿ. ಹೆಚ್ಚಿನವರು ಎಡವುವುದೂ ಇಲ್ಲಿಯೇ. ಡಿಸ್ಕ್ ಬಳಕೆ ಶೇ. 90 ದಾಟಿದರೆ ತಿಳಿಸು ಎಂಬ ಆಟೊಮೇಷನ್ (ಹೋಮ್ ಅಸಿಸ್ಟೆಂಟ್‌ನಲ್ಲಿ ಬರೆದಿಡುವ, ತಾನಾಗಿ ನಡೆಯುವ ನಿಯಮ) ಎಚ್ಚರಗೊಳ್ಳುವುದು ಬಳಕೆಯ ಅಂಕಿ ಆ ಗೆರೆಯನ್ನು ದಾಟುವ ಗಳಿಗೆಯಲ್ಲಿ ಮಾತ್ರ. ನೀವು ಅದನ್ನು ಬರೆಯುವ ಹೊತ್ತಿಗೇ ಬಳಕೆ ಶೇ. 93 ಆಗಿದ್ದರೆ ದಾಟುವುದಕ್ಕೆ ಗೆರೆಯೇ ಉಳಿದಿರುವುದಿಲ್ಲ, ಹಾಗಾಗಿ ಅದು ತೆಪ್ಪಗಿರುತ್ತದೆ. ಆದ್ದರಿಂದ ಮೊದಲು ಡಿಸ್ಕಿನಲ್ಲಿ ಜಾಗ ಮಾಡಿಕೊಳ್ಳಿ. ಪ್ರೊಸೆಸರ್ ಬಳಕೆಯಂತೂ ಕ್ಷಣಕ್ಷಣಕ್ಕೂ ಏರಿಳಿಯುವಂಥದ್ದು. ಹತ್ತು ನಿಮಿಷ ಸತತವಾಗಿ ಮೇಲಿದ್ದರೆ ಮಾತ್ರ ತಿಳಿಸು ಎಂಬ ಷರತ್ತು ಹಾಕದಿದ್ದರೆ, ದಿನಕ್ಕೆ ಇಪ್ಪತ್ತು ಸಲ ಫೋನ್ ಗುಂಯ್‌ಗುಟ್ಟಿ, ಮೂರನೆಯ ದಿನ ನೀವೇ ಅದರ ಬಾಯಿ ಮುಚ್ಚಿಸುತ್ತೀರಿ. ಬಿಸಿ ಹೆಚ್ಚಾದರೆ ಸ್ಮಾರ್ಟ್ ಪ್ಲಗ್ ಮೂಲಕ ಕರೆಂಟನ್ನೇ ಕತ್ತರಿಸುವ ಏರ್ಪಾಡು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಬರೆಯುತ್ತಿರುವ ಡಿಸ್ಕಿನ ಕರೆಂಟ್ ನಡುವೆ ಹೋದರೆ ಕಡತಗಳು ಹಾಳಾಗಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಸುದ್ದಿ ಹೇಳುವ ಗ್ಲಾನ್ಸಸ್ ಇರುವುದು ಕೆಡಬಹುದಾದ ಯಂತ್ರದೊಳಗೇ. ಡೆಸ್ಕ್‌ಟಾಪ್ ಪೂರ್ತಿ ನಿಂತುಹೋದರೆ ಶೇ. 90 ದಾಟಿತೆಂದು ಹೇಳುವವರು ಯಾರೂ ಇರುವುದಿಲ್ಲ. ಹೋಮ್ ಅಸಿಸ್ಟೆಂಟ್‌ನಲ್ಲಿ ಅಂಕಿಯ ಜಾಗಕ್ಕೆ ‘ಲಭ್ಯವಿಲ್ಲ’ ಎಂಬ ಸ್ಥಿತಿ ಬಂದು ಕೂರುತ್ತದೆ, ಅಂಕಿಗಾಗಿ ಕಾಯುತ್ತಿರುವ ಆಟೊಮೇಷನ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಆ ಸ್ಥಿತಿ ಐದು ನಿಮಿಷ ಉಳಿದರೆ ತಿಳಿಸು ಎಂಬ ಎರಡನೆಯ ಆಟೊಮೇಷನ್ ಬರೆಯಿರಿ. ಕರೆಂಟ್ ಹೋದಾಗಲೂ ಇದು ಕೆಲಸಕ್ಕೆ ಬರಬೇಕಾದರೆ ಪೈ ಮತ್ತು ರೌಟರ್ ಎರಡೂ ಯುಪಿಎಸ್ ಮೇಲಿರಬೇಕು.

ಬರೆದಾದ ಮೇಲೆ ಡೆಸ್ಕ್‌ಟಾಪಿನ ಲ್ಯಾನ್ ಕೇಬಲ್ ಕಿತ್ತು ಕಾದು ನೋಡಿ. ಗ್ಲಾನ್ಸಸ್ ಅನ್ನು ಹೋಮ್ ಅಸಿಸ್ಟೆಂಟ್ ವಿಚಾರಿಸುವುದು ನಿಮಿಷಕ್ಕೊಮ್ಮೆಯಾದ್ದರಿಂದ ಸುದ್ದಿ ಬರಲು ಆರೇಳು ನಿಮಿಷ ಹಿಡಿಯಬಹುದು. ಹತ್ತು ನಿಮಿಷ ಕಳೆದರೂ ಬಾರದಿದ್ದರೆ, ಫೋನಿನ ಹೋಮ್ ಅಸಿಸ್ಟೆಂಟ್ ಆ್ಯಪ್‌ಗೆ ನೋಟಿಫಿಕೇಷನ್ ಅನುಮತಿ ಇದೆಯೇ ಎಂದು ಮೊದಲು ನೋಡಿ.