ಸ್ಟಿಕ್ಕರ್‌ನಲ್ಲಿ 7, ಸೆಟ್ಟಿಂಗ್ಸ್‌ನಲ್ಲಿ 11, ಹಳೇ ಸಾಫ್ಟ್‌ವೇರ್‌ನಲ್ಲಿ 8: ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಯಾವ ವಿಂಡೋಸ್?

ನೀವು ಕೇಳಿರುವುದು ಇಷ್ಟು, ಅಲ್ವಾ? ಮಗಳ ಡಿಗ್ರಿ ಓದಿಗೆ ಅಂತ ಮೈಸೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡಿದ್ದೀರಿ. ಪ್ರೊಸೆಸರ್ ಐ5-4300ಯು. ಅಂಗಡಿಯವರು ರ‍್ಯಾಮ್ 8 ಜಿಬಿ ಮಾಡಿ, ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲಿಗೆ ಬಳಸುವ ವೇಗದ ಡಿಸ್ಕ್) ಹಾಕಿ, "ವಿಂಡೋಸ್ 11 ಇದೆ" ಎಂದು ಕೊಟ್ಟಿದ್ದಾರೆ. ಆದರೆ ಕೆಳಗೆ ಅಂಟಿಸಿರುವ ಸ್ಟಿಕ್ಕರ್ ವಿಂಡೋಸ್ 7 ಅನ್ನುತ್ತದೆ. ಒಂದು ವೆಬ್‌ಸೈಟಿನಿಂದ ಬಂದ ಲಾಗಿನ್ ಮೇಲ್‌ನಲ್ಲಿ ವಿಂಡೋಸ್ 10 ಎಂದಿದೆ. ನಿಮ್ಮ ಹಳೇ ಲೆಕ್ಕದ ಸಾಫ್ಟ್‌ವೇರ್ ವಿಂಡೋಸ್ 8 ಎನ್ನುತ್ತಿದೆ. ಆನ್ ಮಾಡಿದಾಗ ಎರಡು ವಿಂಡೋಸ್ ಹೆಸರು ಬಂದು ಯಾವುದು ಬೇಕು ಎಂದು ಕೇಳುತ್ತದೆ. ಮೋಸ ಹೋದೆನಾ ಎಂಬುದು ನಿಮ್ಮ ಪ್ರಶ್ನೆ.

ನಾನು ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಇಂಥ ಲ್ಯಾಪ್‌ಟಾಪ್‌ಗಳು ನನ್ನ ಟೇಬಲ್ ಮೇಲೆ ಸದಾ ಇರುತ್ತವೆ. ಹೆಸರಿನ ಗೊಂದಲಕ್ಕೆ ಅಂಗಡಿಯವರನ್ನು ಬೈಯಬೇಡಿ. ಅವರನ್ನು ಕೇಳಬೇಕಾದ ವಿಷಯ ಬೇರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಖಚಿತ ಮಾಡಿಕೊಳ್ಳಿ. ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಡಬ್ಲ್ಯೂ, ಐ, ಎನ್, ವಿ, ಇ, ಆರ್ ಎಂದು ಸ್ಪೇಸ್ ಕೊಡದೆ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಅಲ್ಲಿ ಓಎಸ್ ಬಿಲ್ಡ್ ಎಂದು ಒಂದು ನಂಬರ್ ಕಾಣುತ್ತದೆ. ಅದು 22000 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವಿಂಡೋಸ್ 11. ಉದಾಹರಣೆಗೆ 22631, 26100 ಎರಡೂ 11. 19045 ಎಂದಿದ್ದರೆ ಅದು ವಿಂಡೋಸ್ 10ರ ಕೊನೆಯ ಆವೃತ್ತಿ. ಉಳಿದ ಹೆಸರುಗಳೆಲ್ಲ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದಿಟ್ಟವು. ನಂಬಬೇಕಾದದ್ದು ಈ ನಂಬರನ್ನು.

ನೋಟ ನೋಡಿ ತೀರ್ಮಾನಿಸಬೇಡಿ. ಸ್ಟಾರ್ಟ್ ಬಟನ್ ನಡುವೆ ಇದ್ದರೆ 11, ಎಡಕ್ಕಿದ್ದರೆ 10 ಎಂದು ತುಂಬಾ ಜನ ಅಂದುಕೊಂಡಿದ್ದಾರೆ. 11ರಲ್ಲೂ ಅದನ್ನು ಎಡಕ್ಕೆ ತರಬಹುದು. 10ಕ್ಕೆ 11ರ ವೇಷ ಹಾಕುವ ಥೀಮ್‌ಗಳೂ ಸಿಗುತ್ತವೆ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಸಿಸ್ಟಂ ಟೈಪ್ ಎಂಬ ಸಾಲನ್ನೂ ಓದಿ. 32 ಬಿಟ್ ಎಂದಿದ್ದರೆ ಅದು 11 ಆಗಿರಲು ಸಾಧ್ಯವೇ ಇಲ್ಲ. ವಿಂಡೋಸ್ 11 ಬಂದಿರುವುದೇ 64 ಬಿಟ್‌ನಲ್ಲಿ. ಮೇಲಾಗಿ 32 ಬಿಟ್ ಆಗಿದ್ದರೆ ನೀವು ದುಡ್ಡು ಕೊಟ್ಟ 8 ಜಿಬಿಯಲ್ಲಿ ಅರ್ಧ ಸುಮ್ನೆ ಬಿದ್ದಿರುತ್ತದೆ.

ಈಗ ಒಂದೊಂದಾಗಿ ನೋಡೋಣ.

ಸ್ಟಿಕ್ಕರ್ ಕಥೆ ಸುಲಭ. ಹಳೇ ಮನೆ ಕೊಂಡ ಮೇಲೂ ಕರೆಂಟ್ ಬಿಲ್ ಹಿಂದಿನ ಓನರ್ ಹೆಸರಿನಲ್ಲೇ ಬರುವ ಹಾಗೆ ಅದು. ಲ್ಯಾಪ್‌ಟಾಪ್ ಹೊಸದಾಗಿದ್ದಾಗ ಅದರ ಜೊತೆ ಬಂದ ಲೈಸೆನ್ಸ್ ಯಾವುದು ಎಂದಷ್ಟೇ ಹೇಳುತ್ತದೆ. ನಿಮ್ಮ ಪ್ರೊಸೆಸರ್ 2013ರಲ್ಲಿ ಬಂದದ್ದು. ಆಗ ವಿಂಡೋಸ್ 8 ಬಂದಿದ್ದರೂ ಕಂಪನಿಗಳಿಗೆ 7 ಸಾಕಾಗಿತ್ತು. 8ರ ಲೈಸೆನ್ಸ್ ತಗೊಂಡು 7 ಹಾಕಿಸಿಕೊಳ್ಳುವುದೂ ಮಾಮೂಲಿಯಾಗಿತ್ತು. ಅಂಥ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಆಫೀಸುಗಳಿಂದ ಲೀಸ್ ಮುಗಿದು ಹೊರಬಿದ್ದು, ಅಲ್ಲಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರೋಡ್ ದಾಟಿ ನಮ್ಮ ಮೈಸೂರು, ಮಂಡ್ಯಕ್ಕೆ ಬರುತ್ತವೆ. ಸ್ಟಿಕ್ಕರ್ ಕೀಳುವವರು ಯಾರು?

ಲಾಗಿನ್ ಮೇಲ್‌ನ 10 ನೋಡಿದರೆ ಗಾಬರಿಯಾಗುತ್ತದೆ, ನಿಜ. ಒಳಗೆ ವಿಂಡೋಸ್ 11ರ ವರ್ಷನ್ ನಂಬರ್ ಇವತ್ತಿಗೂ 10.0 ಎಂದೇ ಇದೆ. ಹಳೇ ಸಾಫ್ಟ್‌ವೇರ್‌ಗಳು ಮುಗ್ಗರಿಸಬಾರದು ಎಂದು ಮೈಕ್ರೋಸಾಫ್ಟ್ ಅದನ್ನು ಬದಲಿಸಲಿಲ್ಲ. ಬ್ರೌಸರ್ ಕೂಡ ವೆಬ್‌ಸೈಟಿಗೆ 10.0 ಎಂದೇ ಹೇಳುತ್ತದೆ, ವೆಬ್‌ಸೈಟ್ ಅದನ್ನು ವಿಂಡೋಸ್ 10 ಎಂದು ಬರೆಯುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿ ತೆರೆದು ಪ್ರಾಡಕ್ಟ್ ನೇಮ್ ಎಂಬಲ್ಲಿ ನೋಡಿದರೆ ಅಸಲಿ 11ರಲ್ಲೂ ವಿಂಡೋಸ್ 10 ಪ್ರೊ ಎಂದೇ ಸಿಗಬಹುದು. ಅಲ್ಲಿ ನೋಡಿ ಹೆದರಿ ಫೋನ್ ಮಾಡುವವರು ನನಗೆ ಎಷ್ಟೋ ಜನ.

ಲೆಕ್ಕದ ಸಾಫ್ಟ್‌ವೇರ್ ಹೇಳುವ 8 ಇನ್ನೂ ಮಜವಾದದ್ದು. 8.1 ಬಂದಾಗಿನಿಂದ ವಿಂಡೋಸ್ ಒಂದು ಉಪಾಯ ಮಾಡುತ್ತಿದೆ. "ಹೊಸ ವಿಂಡೋಸ್ ನನಗೆ ಗೊತ್ತು" ಎಂದು ತನ್ನ ಫೈಲಿನಲ್ಲಿ ಬರೆದುಕೊಂಡಿರದ ಪ್ರೋಗ್ರಾಂ ಬಂದು ವರ್ಷನ್ ಕೇಳಿದರೆ, 6.2 ಎಂದು ಉತ್ತರ ಕೊಟ್ಟುಬಿಡುತ್ತದೆ. 6.2 ಎಂದರೆ ವಿಂಡೋಸ್ 8. ಅಂದರೆ ಇಲ್ಲಿ ಹಳೆಯದಾಗಿರುವುದು ನಿಮ್ಮ ಸಾಫ್ಟ್‌ವೇರ್.

ಕನ್ನಡದವರಿಗೆ ಇನ್ನೊಂದು ಗುರುತು ಇದೆ. ಇದನ್ನು ಹೇಳಿಕೊಟ್ಟವರು ಮದ್ದೂರು ಕಡೆಯ ಒಬ್ಬ ಡಿಟಿಪಿ ಗಿರಾಕಿ. 7ರಲ್ಲಿ ಕನ್ನಡ ಅಕ್ಷರಗಳು ತುಂಗಾ ಫಾಂಟ್‌ನಲ್ಲಿ ಕಾಣುತ್ತಿದ್ದವು. 8ರಿಂದ ಈಚೆಗೆ ಆ ಜಾಗಕ್ಕೆ ನಿರ್ಮಲಾ ಯುಐ ಬಂತು. 10 ಅಥವಾ 11 ಹೊಸದಾಗಿ ಹಾಕಿದರೆ, ಕನ್ನಡ ಭಾಷೆಯನ್ನು ಸೇರಿಸುವವರೆಗೆ ತುಂಗಾ ಇರುವುದೇ ಇಲ್ಲ. ಅವರ ಹಳೇ ಲಗ್ನಪತ್ರಿಕೆಗಳ ಸಾಲುಗಳೆಲ್ಲ ಹಿಂದೆ ಮುಂದೆ ಆಗಿ, "ಏನೋ ಡೂಪ್ಲಿಕೇಟ್ ಹಾಕಿಬಿಟ್ಟಿದ್ದಾರೆ" ಎಂದು ಜಗಳಕ್ಕೆ ನಿಂತಿದ್ದರು. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿಕೊಟ್ಟೆ, ಎಲ್ಲ ಸರಿಹೋಯಿತು. ನಿಮ್ಮ ಮಗಳು ಕನ್ನಡದಲ್ಲಿ ಅಸೈನ್‌ಮೆಂಟ್ ಬರೆಯುವವರಾದರೆ ಇದು ಉಪಯೋಗಕ್ಕೆ ಬರುತ್ತದೆ.

ಆನ್ ಮಾಡಿದಾಗ ಬರುವ ಎರಡು ಹೆಸರುಗಳನ್ನು ಮಾತ್ರ ಹಗುರವಾಗಿ ತಗೋಬೇಡಿ. ಎಸ್‌ಎಸ್‌ಡಿ ಹಾಕುವಾಗ ಹಳೇ ಹಾರ್ಡ್ ಡಿಸ್ಕನ್ನು ಡಿವಿಡಿ ಡ್ರೈವ್ ಇದ್ದ ಜಾಗದಲ್ಲಿ ಕ್ಯಾಡಿ (ಡಿಸ್ಕ್ ಹಿಡಿದಿಡುವ ಚೌಕಟ್ಟು) ಕೂರಿಸಿ ಹಾಗೇ ಬಿಡುವುದುಂಟು. ಆ ಡಿಸ್ಕಿನಲ್ಲಿ ಹಳೇ ವಿಂಡೋಸ್ ಪೂರ್ತಿ ಇರಬಹುದು, ಇಲ್ಲವೇ ಅಳಿಸಿ ಹೋಗಿ ಮೆನುವಿನಲ್ಲಿ ಹೆಸರು ಮಾತ್ರ ಉಳಿದಿರಬಹುದು. ಮೊದಲು ಹೇಳಿದ, ವಿಂಡೋಸ್ ಕೀ ಜೊತೆ ಆರ್ ಒತ್ತಿದಾಗ ಬರುವ ಪೆಟ್ಟಿಗೆಯಲ್ಲೇ ಎಂ, ಎಸ್, ಸಿ, ಓ, ಎನ್, ಎಫ್, ಐ, ಜಿ ಟೈಪ್ ಮಾಡಿ, ಬೂಟ್ ಟ್ಯಾಬ್ ನೋಡಿ. ಈಗ ಓಡುತ್ತಿರುವುದರ ಮುಂದೆ ಕರೆಂಟ್ ಓಎಸ್ ಎಂದಿರುತ್ತದೆ. ಇನ್ನೊಂದನ್ನು ತಕ್ಷಣ ಅಳಿಸಬೇಡಿ. ಮಗಳು ಯಾವತ್ತಾದರೂ ತಪ್ಪಿ ಅದನ್ನು ಆರಿಸಿ ಅಲ್ಲೇ ಫೈಲ್ ಸೇವ್ ಮಾಡಿರಬಹುದು. ಎರಡನ್ನೂ ಒಮ್ಮೊಮ್ಮೆ ತೆರೆದು ನೋಡಿ. ಹಿಂದಿನ ಓನರ್ ಫೈಲುಗಳು ಸಿಕ್ಕಿದರೆ ಓದುತ್ತಾ ಕೂರಬೇಡಿ, ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ.

ಇನ್ನು ಅಂಗಡಿಯವರನ್ನು ಕೇಳಬೇಕಾದದ್ದು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ನಿಮ್ಮದು 4ನೇ ಜನರೇಷನ್. ಅಂದರೆ ಇವನ್ನು ನೋಡುವ ತಪಾಸಣೆಯನ್ನು ದಾಟಿಸಿ 11 ಹಾಕಿದ್ದಾರೆ. ವಿಂಡೋಸ್ ಹಾಕಲು ಪೆನ್‌ಡ್ರೈವ್ ತಯಾರಿಸುವ ರೂಫಸ್‌ನಂಥ ಟೂಲ್‌ನಲ್ಲಿ ಅದಕ್ಕೆ ಒಂದು ಟಿಕ್ ಸಾಕು. ಓಎಸ್ ಅಸಲಿಯೇ, ಓಡುತ್ತದೆ ಕೂಡ. ಆದರೆ ಇಂಥ ಕಂಪ್ಯೂಟರ್‌ಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಹೇಳಿಬಿಟ್ಟಿದೆ. ದೊಡ್ಡ ಅಪ್‌ಡೇಟ್‌ಗಳು ತಾವಾಗಿ ಬರುವುದಿಲ್ಲ, ಕೈಯಾರೆ ಹಾಕಬೇಕು. ಮತ್ತೆ 10ಕ್ಕೆ ಹೋಗುತ್ತೇನೆ ಎಂದರೆ, ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ನೋಟ್ಸ್, ಬ್ರೌಸರ್, ವಿಡಿಯೋ ಅಷ್ಟೇ ಆದರೆ 11ರಲ್ಲೇ ಇರಲಿ. ಬ್ಯಾಂಕಿನ ಕೆಲಸ ಜಾಸ್ತಿ ಇದ್ದರೆ ನಾನಾಗಿದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಓಎಸ್ ಹಾಕುತ್ತಿದ್ದೆ. ಆದರೆ ನಿಮ್ಮ ಲೆಕ್ಕದ ಸಾಫ್ಟ್‌ವೇರ್ ಅದರಲ್ಲಿ ನೇರವಾಗಿ ಓಡುವುದಿಲ್ಲ, ಅದನ್ನು ಮೊದಲೇ ಯೋಚಿಸಿ.

ಲೈಸೆನ್ಸನ್ನೂ ನೋಡಿಬಿಡಿ. ಸೆಟ್ಟಿಂಗ್ಸ್‌ನ ಆಕ್ಟಿವೇಷನ್ ಪುಟದಲ್ಲಿ ಡಿಜಿಟಲ್ ಲೈಸೆನ್ಸ್ ಎಂದಿದ್ದರೆ, ಹಿಂದಿನ ಓನರ್ 10ಕ್ಕೆ ಅಪ್‌ಗ್ರೇಡ್ ಮಾಡಿಕೊಂಡದ್ದೇ ಮದರ್‌ಬೋರ್ಡ್ ಜೊತೆ ಬಂದಿರಬಹುದು. ನಂತರ ಅದೇ ಆರ್ ಪೆಟ್ಟಿಗೆಯಲ್ಲಿ ಎಸ್, ಎಲ್, ಎಂ, ಜಿ, ಆರ್ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು, ಸ್ಲ್ಯಾಶ್ ಹಾಕಿ, ಎಕ್ಸ್, ಪಿ, ಆರ್ ಸೇರಿಸಿ. ಪರ್ಮನೆಂಟ್ ಎನ್ನುವ ಬದಲು ಮುಗಿಯುವ ತಾರೀಖು ತೋರಿಸಿದರೆ, ದೊಡ್ಡ ಸಂಸ್ಥೆಗಳಿಗೆ ಮೀಸಲಾದ ಕೆಎಂಎಸ್ ದಾರಿಯಲ್ಲಿ ಆಕ್ಟಿವೇಟ್ ಮಾಡಿದ್ದಾರೆ ಎಂದರ್ಥ. ಮನೆಯ ಲ್ಯಾಪ್‌ಟಾಪ್‌ಗೆ ಅದು ಸಲ್ಲುವುದಿಲ್ಲ. ಪರ್ಮನೆಂಟ್ ಎಂದು ಬಂದರೂ ಪೂರ್ತಿ ಖಾತ್ರಿ ಎನ್ನಲಾರೆ, ಅದನ್ನೂ ನಕಲು ಮಾಡುವವರಿದ್ದಾರೆ.

ತಾರೀಖು ಕಂಡರೆ ಆ ಸ್ಕ್ರೀನಿನ ಫೋಟೋ ತೆಗೆದು, ಬಿಲ್ ಹಿಡಿದು ಅಂಗಡಿಗೆ ಹೋಗಿ. ವಿಂಡೋಸ್‌ಗೂ ಸೇರಿಸಿ ದುಡ್ಡು ತಗೊಂಡಿದ್ದರೆ ಸರಿಯಾದ ಲೈಸೆನ್ಸ್ ಹಾಕಿಕೊಡಲಿ, ಇಲ್ಲ ಅಷ್ಟು ದುಡ್ಡು ವಾಪಸ್ ಕೊಡಲಿ. ಬಿಲ್ಲನ್ನೇ ಕೊಟ್ಟಿಲ್ಲವೆಂದರೆ ಮೊದಲು ಅದನ್ನು ಕೇಳಿ ಬರೆಸಿಕೊಳ್ಳಿ.