ಮುಚ್ಚಿಟ್ಟಷ್ಟೂ ಕೈ ಜಾಸ್ತಿ ನಡುಗುತ್ತದೆ

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ ಇದು: ‘ವಯಸ್ಸು 39. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ನನಗೆ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಇರುವುದು ಹೆಂಡತಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಬಲಗೈಯನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ. ಬೋರ್ಡಿನ ಮೇಲೆ ಅಕ್ಷರ ಸಣ್ಣದಾಗುತ್ತಿದೆ. ಕುಡಿದು ಬರ್ತಾರೆ ಅಂತ ಸ್ಟಾಫ್ ರೂಮಿನಲ್ಲಿ ಗುಸುಗುಸು. ಇದು ಮುದುಕರ ಕಾಯಿಲೆ ಅಲ್ವಾ? ಹೇಳಿದರೆ ಕೆಲಸ ಹೋಗುತ್ತಾ? ಈ ಊರಲ್ಲಿ ನನ್ನಂಥವರು ಇನ್ಯಾರಾದರೂ ಇದ್ದಾರಾ?’

ಮೇಷ್ಟ್ರೇ,

ಮೊದಲು ಕೆಲಸದ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ. ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಸರ್ಕಾರ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎಂದು ಅದರ 20ನೇ ಸೆಕ್ಷನ್ ಹೇಳುತ್ತದೆ. ಈಗಿನ ಕೆಲಸ ಆಗದೇ ಹೋದರೆ ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ಅಂಗವಿಕಲರ ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ, ಈಗಲೇ ಅರ್ಜಿ ಹಾಕಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ.

ಮುದುಕರ ಕಾಯಿಲೆ ಅನ್ನುವುದು ಪೂರ್ತಿ ನಿಜವಲ್ಲ. 50ರ ಒಳಗೆ ಶುರುವಾದರೆ ಅದನ್ನು ಎಳೆ ವಯಸ್ಸಿನ ಪಾರ್ಕಿನ್ಸನ್ ಅನ್ನುತ್ತಾರೆ. ಹಾಲಿವುಡ್ ನಟ ಮೈಕೆಲ್ ಜೆ. ಫಾಕ್ಸ್‌ಗೆ 1991ರಲ್ಲಿ ಇದು ಗೊತ್ತಾದಾಗ ಬರೀ 29 ವರ್ಷ. ಅವರೂ ಏಳು ವರ್ಷ ಮುಚ್ಚಿಟ್ಟರು. 1998ರಲ್ಲಿ ಎಲ್ಲರ ಮುಂದೆ ಹೇಳಿಕೊಂಡರು. ಆಮೇಲೂ ನಟಿಸಿದರು, ಈ ಕಾಯಿಲೆಯ ಸಂಶೋಧನೆಗೆ ಹಣ ಕೂಡಿಸಲು ಒಂದು ಸಂಸ್ಥೆಯನ್ನೇ ಕಟ್ಟಿದರು.

ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದೇ. ಮುಚ್ಚಿಡಬೇಡಿ. ಯಾರಾದರೂ ನೋಡಿಬಿಡುತ್ತಾರೆ ಎಂಬ ಆತಂಕಕ್ಕೇ ನಡುಕ ಜಾಸ್ತಿಯಾಗುತ್ತದೆ. ನಡುಕ ಕಂಡವರು ಕುಡಿತ ಅಂದುಕೊಳ್ಳುತ್ತಾರೆ. ನೀವು ಬಾಯಿ ಬಿಡದಿದ್ದರೆ ಜನ ತಮಗೆ ತೋಚಿದ್ದನ್ನು ಹೇಳಿಕೊಂಡು ಓಡಾಡುತ್ತಾರೆ. ಹೆಂಡತಿಯ ಬಗ್ಗೆ ಪತ್ರದಲ್ಲಿ ಒಂದೇ ಸಾಲು ಇದೆ. ಆ ತಾಯಿ ತವರಿನವರ ಹತ್ತಿರವೂ ಹೇಳಿಕೊಳ್ಳಲಾರದೆ ಇದನ್ನು ಹೊತ್ತಿದ್ದಾರೆ. ಅವರಿಗೂ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರು ಬೇಕು. ಯಾರಿಗೆ ಹೇಳಿದರೆ ಹಗುರಾಗುತ್ತದೆ ಎಂದು ಮೊದಲು ಅವರನ್ನೇ ಕೇಳಿ.

ಶಾಲೆಯಲ್ಲಿ ಹೆಡ್‌ಮಾಸ್ಟರಿಂದ ಶುರು ಮಾಡಿ. ‘ಮೆದುಳಿನಲ್ಲಿ ಡೋಪಮೈನ್ ಅನ್ನೋ ರಾಸಾಯನಿಕ ಕಡಿಮೆಯಾಗಿದೆ, ಅದಕ್ಕೆ ಕೈ ನಡುಗುತ್ತೆ, ಅಕ್ಷರ ಸಣ್ಣ ಆಗುತ್ತೆ. ಅಂಟೋ ಕಾಯಿಲೆ ಅಲ್ಲ. ಪಾಠಕ್ಕೆ ತೊಂದರೆ ಇಲ್ಲ.’ ಇಷ್ಟು ಸಾಕು. ಮಕ್ಕಳಿಗೂ ಹೀಗೇ ಹೇಳಿ. ಬೋರ್ಡ್ ಮೇಲೆ ಲೆಕ್ಕ ಬರೆಯಲು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರೆಯಿರಿ, ನಾ ಮುಂದು ತಾ ಮುಂದು ಅಂತ ಬರುತ್ತಾರೆ.

ಮಧ್ಯಾಹ್ನದ ಪೀರಿಯಡ್ಡಿಗೆ ಕೈ ಬಿಗಿಯುತ್ತದೆ ಎಂದೂ ಬರೆದಿದ್ದೀರಿ. ಮಾತ್ರೆ ನುಂಗಿದ್ದು ಎಷ್ಟೊತ್ತಿಗೆ, ಊಟ ಎಷ್ಟೊತ್ತಿಗೆ, ಕೈ ಬಿಗಿದದ್ದು ಎಷ್ಟೊತ್ತಿಗೆ, ಒಂದು ವಾರ ಬರೆದಿಟ್ಟು ನರರೋಗ ತಜ್ಞರಿಗೆ ತೋರಿಸಿ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಯನ್ನು ಹಾಲು, ಮೊಟ್ಟೆ, ಬೇಳೆಯ ಊಟದ ಜೊತೆ ತೆಗೆದುಕೊಂಡರೆ ಕೆಲವರಿಗೆ ಸರಿಯಾಗಿ ಹಿಡಿಯುವುದಿಲ್ಲ. ಹೊತ್ತು ಬದಲಿಸಬೇಕಾದರೆ ಡಾಕ್ಟರೇ ಹೇಳಲಿ, ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಗ್ಯಾಸ್, ವಾಂತಿ, ತಲೆಸುತ್ತು ಅಂತ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರಬೇಡಿ. ಲೆವೊಸಲ್ಪಿರೈಡ್, ಮೆಟೊಕ್ಲೊಪ್ರಮೈಡ್, ಸಿನ್ನಾರಿಜಿನ್ ಇವೆಲ್ಲ ಪಾರ್ಕಿನ್ಸನ್ ಲಕ್ಷಣ ಹೆಚ್ಚಿಸಬಲ್ಲವು. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ. ಅದಕ್ಕೇ ಅದರ ಪುಡಿಯನ್ನು ಡಾಕ್ಟರಿಗೆ ಹೇಳದೆ ತಿನ್ನಬಾರದು.

ನಡಿಗೆ, ವ್ಯಾಯಾಮ ಬಿಡಬೇಡಿ, ಅದೂ ಔಷಧಿಯಷ್ಟೇ ಮುಖ್ಯ. ಕುಂದುವಾಡ ಕೆರೆಯ ದಂಡೆ ಇದೆಯಲ್ಲ, ದಂಪತಿ ಇಬ್ಬರೂ ಹೋಗಿ. ಮನಸ್ಸು ಕುಗ್ಗುವುದೂ ಈ ಕಾಯಿಲೆಯ ಭಾಗವೇ, ನಿಮ್ಮ ದೌರ್ಬಲ್ಯ ಅಲ್ಲ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಔಷಧಿ ಬಗ್ಗೆ ಎರಡನೇ ಅಭಿಪ್ರಾಯ ಬೇಕಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿಬನ್ನಿ.

ನಿಮ್ಮಂಥವರು ಈ ಊರಲ್ಲಿ ಇದ್ದಾರಾ? ನಿಮ್ಮ ಡಾಕ್ಟರನ್ನೇ ಕೇಳಿ. ‘ನನ್ನ ವಯಸ್ಸಿನವರು ಯಾರಾದರೂ ಬಂದರೆ, ಅವರು ಒಪ್ಪಿದರೆ, ನನ್ನ ನಂಬರ್ ಕೊಡಿ’ ಅನ್ನಿ. ನಮ್ಮ ಕಚೇರಿಗೆ ಅಂಥವರು ಪತ್ರ ಬರೆದರೂ ಇಬ್ಬರ ಒಪ್ಪಿಗೆ ಕೇಳಿ ಪರಿಚಯ ಮಾಡಿಸುತ್ತೇವೆ, ಹೆಸರು ಅಚ್ಚು ಮಾಡುವುದಿಲ್ಲ. ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯ ಓದುಗರು ಲಕೋಟೆಯ ಮೇಲೆ ‘ಮೇಷ್ಟ್ರಿಗೆ’ ಎಂದು ಬರೆದು ಕಳಿಸಿ.

– ಸಂಪಾದಕ